ಕಾಗದ ಹೇಳಬೇಕು

ಹನ್ನೊಂದು ದಿನ ಕೂತು ಬರೆದದ್ದು ಒಂದೇ ರಾತ್ರಿಯಲ್ಲಿ ಹೋಯಿತು. ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್ ತೆಗೆದರೆ, ಕನ್ನಡ ವಿಕಿಪೀಡಿಯದಲ್ಲಿ ನನ್ನ ಲೇಖನ ಇದ್ದ ಜಾಗದಲ್ಲಿ ‘ಈ ಪುಟವನ್ನು ಅಳಿಸಲಾಗಿದೆ’ ಅಂತ ಒಂದು ಸಾಲು. ಅದರ ಕೆಳಗೆ ತಾರೀಖು, ವೇಳೆ, ಅಳಿಸಿದವರ ಹೆಸರು, ಕಾರಣ. ಕಾರಣಕ್ಕೆ ಖರ್ಚು ಮಾಡಿದ್ದು ಮೂರೇ ಪದ: ಉಲ್ಲೇಖಗಳಿಲ್ಲ, ಕೃತಿಸ್ವಾಮ್ಯ ಉಲ್ಲಂಘನೆ. ನನ್ನಾಕೆ ‘ಯಾರರ ತೀರಿಕೊಂಡ್ರೇನ್ರಿ?’ ಅಂತ ಕೇಳಿದಳು. ಮುಖ ಹಾಗಿತ್ತಂತೆ.

ನಾನು 1986ರಲ್ಲಿ ಗ್ರಾಮ ಲೆಕ್ಕಿಗನಾಗಿ ಕೆಲಸಕ್ಕೆ ಸೇರಿ, ಕಂದಾಯ ನಿರೀಕ್ಷಕನಾಗಿ ನಿವೃತ್ತನಾದವನು. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಮೂರೂ ತಾಲ್ಲೂಕಿನ ನೀರು ಕುಡಿದಿದ್ದೇನೆ. ಪಹಣಿ, ಮ್ಯುಟೇಶನ್, ಪಂಚನಾಮೆ, ಬೆಳೆ ಪರಿಹಾರದ ಪಟ್ಟಿ ಬಿಟ್ಟರೆ ಬೇರೇನೂ ಬರೆದವನಲ್ಲ. ಈಗ ಕೊಪ್ಪಳದಲ್ಲಿ ಮನೆ, ಮೊಣಕಾಲು ನೋವು, ಕೈತುಂಬ ಹೊತ್ತು.

ಹೋದ ಜನವರಿಯಲ್ಲಿ ಅಣ್ಣನ ಮಗಳು ಬೆಂಗಳೂರಿನಿಂದ ಗವಿಮಠದ ಜಾತ್ರೆಗೆ ಬಂದಿದ್ದಳು. ತೇರು ನೋಡಿ, ದಾಸೋಹದಲ್ಲಿ ಮಿರ್ಚಿ ತಿಂದು ಬಂದು ಕೂತಾಗ ನಾನು ಎಂದಿನಂತೆ ನಮ್ಮೂರ ದೊಡ್ಡಾಟದ, ಅಂದರೆ ರಾತ್ರಿಯಿಡೀ ಆಡುವ ಬಯಲಾಟದ, ಮಾಸ್ತರರ ಕತೆ ತೆಗೆದೆ. ‘ಕಾಕಾ, ಎಷ್ಟ ವರ್ಷ ನಮಗಷ್ಟ ಹೇಳ್ತೀ? ವಿಕಿಪೀಡಿಯದಾಗ ಬರಿ’ ಅಂದಳು. ಅವಳಿಗೆ ಓದುವಾಗ ಕಾಲೇಜಿನವರೇ ಅದರಲ್ಲಿ ಲೇಖನ ಬರೆಸಿದ್ದರಂತೆ. ಖಾತೆ ತೆರೆದುಕೊಟ್ಟಳು. ಬಳಕೆದಾರ ಹೆಸರನ್ನೂ ಅವಳೇ ಇಟ್ಟಳು, ‘ಪಹಣಿಕಾಕಾ’. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ, ಅದನ್ನು ಬರೆಯುವವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಯಾರು ಬೇಕಾದರೂ ಬರೆಯಬಹುದು ಅಂತ ಹೇಳಿ ಬಸ್ಸು ಹತ್ತಿದಳು. ‘ಯಾರು ಬೇಕಾದರೂ ಅಳಿಸಲಿಕ್ಕೆ ಕೇಳಬಹುದು’ ಅನ್ನುವುದನ್ನು ಹೇಳಲಿಲ್ಲ.

ಮಾಸ್ತರರ ಬಗ್ಗೆ ಸ್ವಲ್ಪ ಹೇಳಬೇಕು. ಯಲಬುರ್ಗಾ ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ತಾಲೀಮು. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಗುಡಿಯ ಮುಂದೆ ಕುಣಿತ ಕಲಿಯೋರು. ಮಾಸ್ತರರ ಕೈಯಲ್ಲಿ ಒಂದು ಬಾರಕೋಲು, ಹೆಜ್ಜೆ ತಪ್ಪಿದವನ ಮೀನಗಂಡಕ್ಕೆ ಅದರ ತುದಿ. ಆಟದ ದಿನ ಅಟ್ಟ ಕಟ್ಟಿ, ರಾತ್ರಿ ಹತ್ತಕ್ಕೆ ಗಣಪತಿ ಸ್ತುತಿಯಿಂದ ಹಿಡಿದು ಸೂರ್ಯ ಹುಟ್ಟುವ ತನಕ. ಇಬ್ಬರು ಪರದೆ ಹಿಡಿದು ನಿಲ್ಲುತ್ತಾರೆ, ಅದರ ಹಿಂದೆ ಗೆಜ್ಜೆ ಸದ್ದು, ಪರದೆಯ ಮೇಲೆ ಕಿರೀಟದ ತುದಿ ಮಾತ್ರ ಕುಣಿಯುತ್ತಿರುತ್ತದೆ. ಪರದೆ ಸರಿಯುತ್ತದೆ. ಭುಜಕೀರ್ತಿ, ಎದೆಕಟ್ಟು ಎಲ್ಲಾ ಕನ್ನಡಿಚೂರು ಮಿಂಚಿ ಕೌರವ ಬಂದು ನಿಂತರೆ, ಮಾಸಿದ ಧೋತರ ಉಟ್ಟ ಸಾರಥಿ ಕೈಮುಗಿದು ಕೇಳುತ್ತಾನೆ: ‘ತಾವು ಧಾರು? ಎಲ್ಲಿಂದ ಬಂದಿರಿ? ತಮ್ಮ ನಾಮಾಂಕಿತವೇನು?’ ಕೌರವ ಅಂದರೆ ಊರ ಕಿರಾಣಿ ಅಂಗಡಿಯವನೇ ಅಂತ ಎಲ್ಲರಿಗೂ ಗೊತ್ತು, ಬೆಳಿಗ್ಗೆ ಅವನ ಹತ್ತಿರವೇ ಬೆಲ್ಲ ತಂದಿರುತ್ತೇವೆ. ಆದರೂ ಸಾರಥಿ ಕೇಳದೆ ಬಿಡುವುದಿಲ್ಲ, ಅವನು ತನ್ನ ವಂಶಾವಳಿ ಹೇಳಿಕೊಳ್ಳದೆ ಬಿಡುವುದಿಲ್ಲ. ನಮ್ಮ ಮಾಸ್ತರರು ಆಟ ಕಲಿಸಿದ್ದು ಎಷ್ಟೋ ಊರಿಗೆ. ಅಟ್ಟದ ಮೇಲೆ ಮಾತ್ರ ಅವರದು ಯಾವಾಗಲೂ ಸಾರಥಿಯ ಪಾತ್ರ.

ಇಷ್ಟನ್ನೂ, ಇದಕ್ಕಿಂತ ಜಾಸ್ತಿಯನ್ನೂ, ಒಂದು ಬೆರಳಿನಲ್ಲಿ ಮೊಬೈಲಿನ ಮೇಲೆ ಒತ್ತಿ ಒತ್ತಿ ಬರೆದಿದ್ದೆ. ‘ಇವರಂಥ ಕಲಾವಿದರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ’ ಅನ್ನುವ ವಾಕ್ಯವೂ ಇತ್ತು. ಈಗ ನೆನೆಸಿಕೊಂಡರೆ ನಾಚಿಕೆ.

ಸರಿ, ಅಳಿಸಿದರಲ್ಲ. ನಾನೇನು ಸುಮ್ಮನಿರುವವನೇ? ಎಷ್ಟು ತಕರಾರು ಅರ್ಜಿ ನೋಡಿದ ಕಣ್ಣು ಇದು! ಕೂತು ಬರೆದೆ. ‘ವಿಷಯ: ಲೇಖನ ಅಳಿಸಿರುವುದರ ವಿರುದ್ಧ ತಕರಾರು. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನೋಟೀಸು ನೀಡದೆ, ಅಹವಾಲು ಕೇಳದೆ, ಸ್ಥಳ ಪರಿಶೀಲನೆ ನಡೆಸದೆ...’ ಹೀಗೆ ಎರಡು ಪುಟ. ಅಳಿಸಿದ ನಿರ್ವಾಹಕರ ಚರ್ಚೆ ಪುಟದಲ್ಲಿ ಹಾಕಿದೆ. ಸಾಲದು ಅಂತ, ಎಲ್ಲರೂ ಸೇರಿ ಮಾತಾಡುವ ಪುಟ ಒಂದಿದೆ, ಅದಕ್ಕೆ ‘ಅರಳಿ ಕಟ್ಟೆ’ ಅಂತ ಹೆಸರಿಟ್ಟಿದ್ದಾರೆ, ಅಲ್ಲೂ ಹಾಕಿದೆ. ಹೆಸರು ಚೆನ್ನಾಗಿದೆ ಅಂತ ಆ ಸಿಟ್ಟಿನಲ್ಲೂ ಅನ್ನಿಸಿತು. ಇನ್ನೂ ಮೂರು ಕಡೆ ಅದನ್ನೇ ಅಂಟಿಸಿದೆ. ತಹಶೀಲ್ದಾರರಿಗೆ ಕೊಟ್ಟ ಅರ್ಜಿಯ ಪ್ರತಿಯನ್ನು ಎಸಿ, ಡಿಸಿ, ಮಂತ್ರಿ, ಮುಖ್ಯಮಂತ್ರಿಗೆಲ್ಲ ಕಳಿಸುವವರನ್ನು ನೋಡಿ ನಗುತ್ತಿದ್ದವನು ನಾನೇ.

ಸಂಜೆ ಉತ್ತರ ಬಂತು. ಸಿಟ್ಟಿನದಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಚರ್ಚೆ ಪುಟದಲ್ಲಿ ಬರೆದಾಗ ಕೊನೆಯಲ್ಲಿ ನಾಲ್ಕು ಟಿಲ್ಡೆ (~) ಚಿಹ್ನೆ ಹಾಕಿದರೆ ಸಹಿ ಮತ್ತು ವೇಳೆ ತಾನೇ ಬೀಳುತ್ತದೆ, ದಯವಿಟ್ಟು ಹಾಕಿ, ಯಾರು ಬರೆದಿದ್ದು ಅಂತ ತಿಳಿಯಲಿಲ್ಲ ಅಂತ ಮೊದಲ ಸಾಲು. 37 ವರ್ಷ ಸಹಿ ಹಾಕಿ ಕೈ ಸವೆದವನು ಸಹಿ ಇಲ್ಲದ ಅರ್ಜಿ ಕೊಟ್ಟಿದ್ದೆ! ನನ್ನ ಟೇಬಲ್ಲಿಗೆ ಅಂಥ ಅರ್ಜಿ ಬಂದಿದ್ದರೆ ಅದರಲ್ಲಿ ಮಂಡಕ್ಕಿ ಕಟ್ಟಿಕೊಳ್ಳಲಿಕ್ಕೂ ಬಿಡುತ್ತಿರಲಿಲ್ಲ.

ಆಮೇಲೆ ಕಾರಣಗಳು. ಮೊದಲನೆಯದು, ಲೇಖನದ ಎರಡು ಪ್ಯಾರಾ ಅಂತರಜಾಲದ ಬೇರೆ ಒಂದು ಪುಟದಲ್ಲಿ ಅಕ್ಷರಶಃ ಇದೆ, ಅಂಥದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನು ಓದಿ ನಾನು ಕುಣಿದಾಡಿದೆ, ಯಾಕಂದರೆ ಆ ಎರಡು ಪ್ಯಾರಾ ನಾನೇ ಬರೆದದ್ದು. ಊರ ಜಾತ್ರೆಯ ಸ್ಮರಣ ಸಂಚಿಕೆಗೆ ಬರೆದುಕೊಟ್ಟಿದ್ದೆ, ಯಾರೋ ಪುಣ್ಯಾತ್ಮರು ಆ ಸಂಚಿಕೆಯನ್ನು ಅಂತರಜಾಲಕ್ಕೆ ಏರಿಸಿದ್ದರು. ನನ್ನ ಹೊಲದ ಜೋಳ ನಾನು ತಂದರೆ ಕಳವು ಹೇಗಾಗುತ್ತದೆ? ಸಂಚಿಕೆ ಹುಡುಕಿ ತೆಗೆದೆ. ಲೇಖಕರ ಹೆಸರು ಇರಬೇಕಾದ ಕಡೆ ‘ಸಂಪಾದಕ ಮಂಡಳಿ’ ಅಂತಿದೆ. ಪಹಣಿಯಲ್ಲಿ ಮಾಲೀಕನ ಹೆಸರು ಬರುವ ಒಂಬತ್ತನೇ ಕಾಲಮ್ಮಿನಲ್ಲಿ ನನ್ನ ಹೆಸರೇ ಇಲ್ಲದ ಹಾಗೆ.

ಅಣ್ಣನ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ವಿಕಿಪೀಡಿಯಕ್ಕೆ ಹಾಕಿದ ಬರಹವನ್ನು ಯಾರು ಬೇಕಾದರೂ ತೆಗೆದುಕೊಂಡು, ಮೂಲ ಹೇಳಿ, ಅದೇ ಷರತ್ತಿನ ಮೇಲೆ ಬಳಸಬಹುದು, ತಿದ್ದಬಹುದು, ಅಚ್ಚು ಹಾಕಿ ಮಾರಲೂಬಹುದು. ಕ್ರಿಯೇಟಿವ್ ಕಾಮನ್ಸ್ ಅಂತ ಆ ಪರವಾನಗಿಯ ಹೆಸರು. ಅಂದರೆ ‘ಪ್ರಕಟಿಸು’ ಗುಂಡಿ ಒತ್ತುವುದು ಒಂದು ನಮೂನೆ ದಾನಪತ್ರ. ತನ್ನ ಹೆಸರಿನಲ್ಲಿಲ್ಲದ ಆಸ್ತಿಗೆ ದಾನಪತ್ರ ಬರೆದುಕೊಡಲು ಬರುವುದಿಲ್ಲ. ಇದು ನನಗೆ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ. ಆ ಎರಡು ಪ್ಯಾರಾ ಬಿಟ್ಟುಕೊಟ್ಟೆ.

ಎರಡನೆಯದು ದೊಡ್ಡದು. ವ್ಯಕ್ತಿಯ ಬಗ್ಗೆ ಅವರಿಗೆ ಸಂಬಂಧವಿಲ್ಲದವರು, ನಂಬಬಹುದಾದ ಕಡೆ, ಒಂದಿಷ್ಟು ವಿವರವಾಗಿ ಬರೆದಿರಬೇಕು. ಗಮನಾರ್ಹತೆ ಅಂತಾರೆ ಇದನ್ನು. ಲೇಖನದಲ್ಲಿ ಬರುವ ಒಂದೊಂದು ಮಾತಿಗೂ ಬೇರೆ ಕಡೆ ಅಚ್ಚಾದ ಆಧಾರ ಇರಬೇಕು. ‘ನನಗೆ ಗೊತ್ತು’ ನಡೆಯುವುದಿಲ್ಲ. ‘ಊರಿಗೆಲ್ಲ ಗೊತ್ತು’ ನಡೆಯುವುದಿಲ್ಲ. ನಾನು ಹಾಕಿದ್ದ ಆಧಾರ ಅಂದರೆ ಕೊನೆಯಲ್ಲಿ ಒಂದು ಸಾಲು, ‘ಮಾಹಿತಿ: ಗ್ರಾಮದ ಹಿರಿಯರು’.

‘ನಮ್ಮ ದೊಡ್ಡಾಟದಾಗೂ ಹಂಗ ಅಲ್ಲೇನವ್ವ, ತಾವು ಧಾರು ಅಂತ ಕೇಳೇ ಕೇಳ್ತಾನ’ ಅಂದೆ.

‘ಹೌದು ಕಾಕಾ. ಆದ್ರ ಇಲ್ಲಿ ಸಾರಥಿ ಕೇಳಿದ್ದಕ್ಕ ವೇಷದಾಂವ ತಾನ ಉತ್ತರ ಕೊಡಂಗಿಲ್ಲ. ನೋಡಾಕ ಕುಂತಾವರೊಳಗ ಯಾರರ ಎದ್ದು ಕೊಡಬೇಕು.’

ನಾನು ಬಿಡಲಿಲ್ಲ. ಒಂದು ಸಿನಿಮಾದಲ್ಲಿ ಎರಡು ನಿಮಿಷ ಬಂದು ಹೋದವರಿಗೂ ಪುಟ ಇದೆಯಲ್ಲ, ಅದನ್ನು ಯಾಕೆ ಬಿಟ್ಟಿದ್ದೀರಿ ಅಂತ ಕೇಳಿದೆ. ‘ಅದೂ ಅಳಿಸಬೇಕಾದದ್ದೇ ಇರಬಹುದು, ಇನ್ನೂ ಯಾರೂ ನೋಡಿಲ್ಲ’ ಅಂತ ಉತ್ತರ. ಒತ್ತುವರಿ ತೆರವಿಗೆ ಹೋದಾಗಲೆಲ್ಲ ‘ಪಕ್ಕದ ಹೊಲದಾಂವನ್ನ ಬಿಟ್ಟು ನನ್ನ ಯಾಕ ಹಿಡೀತೀರಿ’ ಅನ್ನುವವರಿಗೆ ನಾನು ಹೇಳುತ್ತಿದ್ದದ್ದೂ ಇದನ್ನೇ, ಇಷ್ಟು ಸೌಮ್ಯವಾಗಿ ಅಲ್ಲ. ಆಮೇಲೆ ನಮ್ಮ ಕೊಪ್ಪಳದ ಹೆಮ್ಮೆ ತೆಗೆದೆ: ಗವಿಮಠದ ಬಂಡೆ, ಪಾಲ್ಕಿಗುಂಡು, ಎರಡೂ ಕಡೆ ಅಶೋಕನ ಶಾಸನ ಇದೆ, ಇಲ್ಲಿನ ಕಲ್ಲು ಮಾತಾಡಿದರೂ ದಾಖಲೆ, ನಮ್ಮನ್ನೇನು ಕೇಳುತ್ತೀರಿ ಅಂತ. ಅಣ್ಣನ ಮಗಳು ಮೊಬೈಲಿನಲ್ಲೇ ನಕ್ಕಳು. ‘ಕಾಕಾ, ಅದು ಅಶೋಕ ತನ್ನ ಬಗ್ಗೆ ತಾನ ಬರೆಸಿದ್ದು. ಸ್ವತಂತ್ರ ಮೂಲ ಅಲ್ಲ.’ ಯೋಚಿಸಿ ನೋಡಿದರೆ ಅವನ ಕಷ್ಟವೂ ಇದೇ. ಎಷ್ಟೋ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತಷ್ಟೇ ಇತ್ತು. ಅದು ಅಶೋಕನೇ ಅಂತ ಪಂಡಿತರು ಸಿಂಹಳದ ಗ್ರಂಥ ಹಿಡಿದು ಹೇಳುತ್ತಿದ್ದರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬಂಗಾರ ಹುಡುಕಲು ಬಂದ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ಅಶೋಕ’ ಅಂತ ಹೆಸರು ಸ್ಪಷ್ಟವಾಗಿ ಸಿಕ್ಕ ಮೇಲೆಯೇ ಅನುಮಾನದವರ ಬಾಯಿ ಮುಚ್ಚಿದ್ದು. ಚಕ್ರವರ್ತಿಗೇ ಹೆಸರಿನ ದಾಖಲೆ ಹಾಜರುಪಡಿಸಲು ಎರಡು ಸಾವಿರ ವರ್ಷದ ಮೇಲೆ ಹಿಡಿಯಿತು.

ಇನ್ನೊಂದು ನಜೀರು ಅವಳೇ ಕೊಟ್ಟಳು. ಕೆನಡಾದ ಡೊನ್ನಾ ಸ್ಟ್ರಿಕ್ಲಂಡ್ ಎಂಬ ಭೌತವಿಜ್ಞಾನಿಯ ಬಗ್ಗೆ 2018ರಲ್ಲಿ ಯಾರೋ ಇಂಗ್ಲಿಷ್ ವಿಕಿಪೀಡಿಯಕ್ಕೆ ಕರಡು ಬರೆದು ಕೊಟ್ಟಿದ್ದರಂತೆ. ಆಧಾರಗಳು ಸಾಲವು ಅಂತ ಮೇ ತಿಂಗಳಲ್ಲಿ ತಿರಸ್ಕಾರ. ಅಕ್ಟೋಬರಿನಲ್ಲಿ ಆಕೆಗೆ ನೊಬೆಲ್ ಬಂತು! ನಾನು ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ‘ಇದಕ್ಕೇನು ಹೇಳುತ್ತೀರಿ’ ಅಂತ ಕೇಳಿದೆ. ‘ನೊಬೆಲ್ ಬಂದ ಮೇಲೆ ಪತ್ರಿಕೆಗಳು ಬರೆದವು, ಆಧಾರ ಸಿಕ್ಕಿತು, ಲೇಖನ ಬಂತು. ನಿಮ್ಮ ಮಾಸ್ತರರ ಬಗ್ಗೆಯೂ ಯಾರಾದರೂ ಬರೆದಿದ್ದರೆ ತೋರಿಸಿ, ನಾನೇ ಸಹಾಯ ಮಾಡುತ್ತೇನೆ’ ಅಂದರು. ಇಂಥವರ ಜೊತೆ ಜಗಳ ಆಡುವುದು ಕಷ್ಟ.

ಜೊತೆಗೆ ಇನ್ನೊಂದು ಪ್ರಶ್ನೆ ಇತ್ತು. ‘ತಮಗೂ ಈ ವ್ಯಕ್ತಿಗೂ ಸಂಬಂಧ ಇದೆಯೇ?’

ಇಲ್ಲಿ ತನಕ ನಿಮಗೂ ಹೇಳಿಲ್ಲ, ಅವರಿಗೂ ಹೇಳಿರಲಿಲ್ಲ. ಮಾಸ್ತರರು ನನ್ನ ಸೋದರಮಾವ. ನನ್ನ ಸ್ವಂತ ತಮ್ಮನ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಪಂಚನಾಮೆ ಬರೆಯಲು ಒಲ್ಲೆ ಅಂತ ಪಕ್ಕದ ಸರ್ಕಲ್ಲಿನವರನ್ನು ಕರೆಸಿದ್ದ ಮನುಷ್ಯ ನಾನು. ಇಲ್ಲಿ ಮಾತ್ರ ಮಾವನ ಹೊಲಕ್ಕೆ ನಾನೇ ಖಾತೆದಾರ, ನಾನೇ ಸಾಕ್ಷಿ, ನಾನೇ ಲೆಕ್ಕಿಗ. ಎರಡು ದಿನ ಉತ್ತರ ಕೊಡದೆ ಮೂರನೇ ದಿನ ಬರೆದೆ: ‘ಹೌದು. ತಾಯಿಯ ಅಣ್ಣ.’ ನಾಲ್ಕು ಟಿಲ್ಡೆ ಹಾಕಿದೆ.

ಆ ಎರಡು ದಿನ ನನಗೆ ಕುಷ್ಟಗಿ ತಾಲ್ಲೂಕಿನ ಒಬ್ಬ ಮುದುಕಿಯ ನೆನಪು ಬಿಡದೆ ಬಂತು. 1994 ಇರಬೇಕು, ಆಗ ನಮ್ಮದು ಇನ್ನೂ ರಾಯಚೂರು ಜಿಲ್ಲೆ. ಗಂಡ ಸತ್ತ ಮೇಲೆ ಎರಡೆಕರೆ ಚಿಲ್ಲರೆ ಹೊಲಕ್ಕೆ ಹೆಸರು ಹಚ್ಚಿಸಿಕೊಳ್ಳಲು ಬಂದಿದ್ದಳು. ಪಹಣಿಯಲ್ಲಿ ಗಂಡನ ದಾಯಾದಿಯ ಹೆಸರು. ‘ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ ಸಾಹೇಬ್ರ, ಅದು ನಮ್ಮ ಹೊಲ ಅಂತಾರ.’ ನಾನು ಹೇಳಿದ್ದು ಇವತ್ತಿಗೂ ನೆನಪಿದೆ, ಯಾಕಂದರೆ ದಿನಾ ಹತ್ತು ಸಲ ಹೇಳುತ್ತಿದ್ದ ಮಾತು. ‘ಊರು ಹೇಳಿದ್ರ ಆಗಂಗಿಲ್ಲವ್ವ. ಕಾಗದ ಹೇಳಬೇಕು.’

ಮುಂದಿನ ವಾರ ಕಾಗದ ತಂದಳು. ಸೆರಗಿನ ಗಂಟಿನಿಂದ ಬಿಚ್ಚಿದಳು, ಎಂಟು ಮಡಿಕೆ, ಮಡಿಕೆಯ ಗೆರೆಯೆಲ್ಲ ಹರಿದು ಬೆಳಕು ಕಾಣುತ್ತಿತ್ತು. ನಿಜಾಮರ ಕಾಲದ್ದು, ಪೂರ್ತಿ ಉರ್ದು. ಮೂಲೆಯಲ್ಲಿ ಒಂದು ದುಂಡನೆ ಮೊಹರು. ನನಗೆ ಉರ್ದು ಅಂಕಿ ಸಹ ಬರುತ್ತಿರಲಿಲ್ಲ. ನಮ್ಮ ಹತ್ತಿರ ಇದ್ದ ಹಳೆಯ ಆಧಾರ ಅಂದರೆ 1954–55ರ ಖಾಸ್ರಾ ಪಹಣಿ, ಅದರಲ್ಲಿ ಅವಳ ಮಾವನ ಹೆಸರಿರಲಿಲ್ಲ. ‘ಇದು ನಡೆಯಂಗಿಲ್ಲ’ ಅಂತ ಮಡಿಚಿ ಕೊಟ್ಟೆ. ಓದಿಸಿ ತರಲು ಹೇಳಬಹುದಿತ್ತು. ಮಸೀದಿಯ ಓಣಿಯಲ್ಲಿ ಉರ್ದು ಶಾಲೆಯ ಹಳೇ ಮಾಸ್ತರ್ ಇದ್ದರು, ಚಾವಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಹೇಳಲಿಲ್ಲ. ಆ ದಿನ ಮಧ್ಯಾಹ್ನ ತಾಲ್ಲೂಕು ಆಫೀಸಿನಲ್ಲಿ ಮೀಟಿಂಗ್ ಇತ್ತು, ಬಸ್ಸು ತಪ್ಪುತ್ತಿತ್ತು. ಮುದುಕಿ ಕಾಗದವನ್ನು ಮತ್ತೆ ಎಂಟು ಮಡಿಕೆ ಮಾಡಿ ಗಂಟು ಹಾಕಿಕೊಳ್ಳುತ್ತ ಅಂದಳು, ‘ನಿನಗ ಓದಾಕ ಬರವಲ್ದು ಅಂದ್ರ ಕಾಗದಕ್ಕ ಬಾಯಿಲ್ಲ ಅಂತಲ್ಲೋ ತಮ್ಮಾ.’ ಸಾಹೇಬ ಹೋಗಿ ತಮ್ಮ ಆಗಿದ್ದೆ. ಸ್ವಲ್ಪ ದಿನಕ್ಕೆ ನನಗೆ ವರ್ಗವಾಯಿತು.

ಆಧಾರ ಹುಡುಕುವುದಕ್ಕೆ ಊರಿಗೆ ಹೋದೆ. ಅತ್ತಿ, ಅಂದರೆ ಮಾವನ ಹೆಂಡತಿ, ಎಂಬತ್ತು ದಾಟಿದ್ದಾಳೆ, ಕಣ್ಣು ಮಂದ, ಕಿವಿ ಚುರುಕು. ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ನುಸಿಗುಳಿಗೆಯ ವಾಸನೆ, ಒಂದು ಜೊತೆ ಗೆಜ್ಜೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ನಾಲ್ಕು ದಪ್ಪ ವಹಿ. ಪ್ರಸಂಗಗಳೆಲ್ಲ ಮಾವನ ಕೈಬರಹದಲ್ಲಿ, ಪದ ಕೆಂಪು ಶಾಯಿ, ಮಾತು ನೀಲಿ ಶಾಯಿ. ಅಂಚಿನಲ್ಲಿ ಯಾವ ಊರಿಗೆ ಯಾವ ವರ್ಷ ಕಲಿಸಿದ್ದು, ಯಾರು ಯಾವ ಪಾತ್ರ, ಎಷ್ಟು ಸಂಭಾವನೆ, ಎಷ್ಟು ಬಾಕಿ. ಬಾಕಿಯೇ ಜಾಸ್ತಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ದಾಖಲೆ ಇಲ್ಲ. ಫೋಟೊ ತೆಗೆದು ಕಳಿಸಿದೆ. ‘ಅಮೂಲ್ಯವಾದದ್ದು, ಜೋಪಾನ ಮಾಡಿ. ಆದರೆ ಎಲ್ಲೂ ಪ್ರಕಟವಾಗಿಲ್ಲ, ಬರೆದವರೂ ಅವರೇ. ಲೇಖನಕ್ಕೆ ಆಧಾರವಾಗುವುದಿಲ್ಲ’ ಅಂತ ಉತ್ತರ. ಇವರು ಕನಿಷ್ಠ ಓದಿ ಹೇಳಿದರು. ಓದದೆ ಮಡಿಚಿ ಕೊಡಲಿಲ್ಲ.

ಟ್ರಂಕಿನ ತಳದಲ್ಲಿ ಹಾಸಿದ ಕಾಗದದ ಕೆಳಗೆ ಒಂದು ಪತ್ರಿಕೆಯ ತುಣುಕು ಸಿಕ್ಕಿತು. ಮಾವನಿಗೆ ಪಕ್ಕದೂರಿನಲ್ಲಿ ಸನ್ಮಾನ ಮಾಡಿದ ಸುದ್ದಿ, ಹದಿನಾಲ್ಕು ಸಾಲು, ಅಂಚೆಚೀಟಿಗಿಂತ ಚೂರು ದೊಡ್ಡ ಫೋಟೊ. ಆದರೆ ಯಾರು ಕತ್ತರಿಸಿದ್ದರೋ, ಎಷ್ಟು ಅಚ್ಚುಕಟ್ಟಾಗಿ ಅಂದರೆ ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ಪುಟದ ಸಂಖ್ಯೆ ಇಲ್ಲ. ಸಹಿ ಮೊಹರು ಎಲ್ಲಾ ಕತ್ತರಿಸಿ ನಡುವಿನದಷ್ಟೇ ಇಟ್ಟ ಸಾಗುವಳಿ ಚೀಟಿಯಂತೆ.

ತಿರುವಿ ನೋಡಿದೆ. ಹಿಂಬದಿಯಲ್ಲಿ ಸಿಮೆಂಟಿನ ಜಾಹೀರಾತಿನ ಅರ್ಧ, ಅದರ ಪಕ್ಕ ತುಂಗಭದ್ರಾ ಡ್ಯಾಮಿನ ನೀರಿನ ಮಟ್ಟದ ಚೌಕ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಇದು ತಪ್ಪದೆ ಬರುತ್ತದೆ. ಗರಿಷ್ಠ ಮಟ್ಟ 1633 ಅಡಿ, ಅದು ಎಲ್ಲ ದಿನವೂ ಅದೇ. ಇಂದಿನ ಮಟ್ಟದ ಅಂಕಿ ಕತ್ತರಿಗೆ ಹೋಗಿ ‘16’ ಅಂತಷ್ಟೇ ಉಳಿದಿದೆ. ಕೆಳಗೆ ಒಳಹರಿವು, ಹೊರಹರಿವು ಮಾತ್ರ ಪೂರ್ತಿ ಇವೆ, ಕ್ಯೂಸೆಕ್‌ನಲ್ಲಿ. ನನ್ನ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಸರ್ವೆ ನಂಬರು ಅಳಿಸಿಹೋದ ಹೊಲವನ್ನು ಚೆಕ್ಕುಬಂದಿಯ ಮೇಲೆ ಹುಡುಕಿದವನಿಗೆ ಇಷ್ಟು ಸಾಕು. ಒಳಹರಿವೂ ಹೊರಹರಿವೂ ಒಟ್ಟಿಗೆ ಕೂಡಿ ಬರುವ ದಿನ ಒಂದೇ ಇರಬೇಕು.

ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿ ನನ್ನ ಬ್ಯಾಚಿನವನ ಅಳಿಯ ಕೆಲಸ ಮಾಡುತ್ತಾನೆ. ಮಾವ ಯಾವ ಸುಮಾರಿನಲ್ಲಿ ಸನ್ಮಾನ ಮಾಡಿಸಿಕೊಂಡಿರಬಹುದು ಅಂತ ಅತ್ತಿಯನ್ನು ಕೇಳಿದರೆ, ‘ನಮ್ಮ ಕೆಂದಾಕಳ ಎರಡನೇ ಸೂಲ ಕರು ಹಾಕಿದ ವರ್ಷ’ ಅಂದಳು. ಅದನ್ನು ನಾಲ್ಕು ವರ್ಷದ ಒಳಗೆ ತಂದು ನಿಲ್ಲಿಸಿದೆವು. ಆ ನಾಲ್ಕು ವರ್ಷದ ಮಳೆಗಾಲದ ಅಂಕಿ ಅವನು ಹುಡುಕಿ ಕೊಟ್ಟ. ಒಂದು ಇಡೀ ಸಂಜೆ ಕನ್ನಡಕ ಮೂಗಿನ ತುದಿಗೆ ಇಟ್ಟು, ಅಡ್ಡಪಟ್ಟಿ ಹಿಡಿದು ಸಾಲು ಸಾಲು ಇಳಿದೆ. ಸಿಕ್ಕಿತು. ಆಗಸ್ಟ್ ಎರಡನೇ ವಾರ. ನನ್ನಾಕೆ ಊಟಕ್ಕೆ ಕರೆದದ್ದು ಮೂರು ಸಲವಂತೆ.

ಇದನ್ನೆಲ್ಲ ಚರ್ಚೆ ಪುಟದಲ್ಲಿ ಸಂಭ್ರಮದಿಂದ ಬರೆದರೆ, ಬೇರೊಬ್ಬ ಸಂಪಾದಕರು ಬಂದು, ಬಹಳ ಸೊಗಸಾದ ಪತ್ತೇದಾರಿಕೆ, ಆದರೆ ಇದು ‘ಸ್ವಂತ ಸಂಶೋಧನೆ’, ವಿಕಿಪೀಡಿಯದಲ್ಲಿ ಅದಕ್ಕೆ ಜಾಗವಿಲ್ಲ ಅಂದರು. ಪತ್ರಿಕೆಯ ಹೆಸರು, ದಿನ, ಪುಟ, ಇಷ್ಟೇ ಬೇಕು, ನೀರಿನ ಮಟ್ಟ ಬೇಡ.

ಹುಬ್ಬಳ್ಳಿಗೆ ಹೋದೆ. ಗದಗ ದಾಟುವ ತನಕ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ, ಮೊಣಕಾಲು ಮಾತಾಡತೊಡಗಿತ್ತು. ಅಕ್ಷರದ ಅಚ್ಚು ನೋಡಿ ಯಾವ ಪತ್ರಿಕೆ ಇರಬಹುದು ಅಂತ ಅಂದಾಜಿತ್ತು. ಹಳೆಯ ಸಂಚಿಕೆ ಬೈಂಡು ಮಾಡಿಟ್ಟ ಕೋಣೆಯಲ್ಲಿ ಒಬ್ಬ ಹುಡುಗ ಆಗಸ್ಟಿನ ಸಂಪುಟ ಎತ್ತಿ ಟೇಬಲ್ಲಿಗೆ ಹಾಕಿದ, ಧೂಳು ಎದ್ದಿತು. ಡ್ಯಾಮಿನ ಅಂಕಿಯ ಮರುದಿನದ ಪತ್ರಿಕೆ, ಐದನೇ ಪುಟ, ಕೆಳಗೆ ಬಲಗಡೆ. ಮಾವ ಅಲ್ಲಿ ಕೂತಿದ್ದ, ತಲೆಗೆ ಪಟಗ ಸುತ್ತಿ, ಕೊರಳಲ್ಲಿ ಹಾರ, ಕಣ್ಣು ಕ್ಯಾಮರಾದ ಕಡೆಗಲ್ಲ, ಬೇರೆ ಎಲ್ಲಿಯೋ.

ಒಂದು ಸುದ್ದಿ ಸಾಲಲಿಲ್ಲ. ದೊಡ್ಡಾಟದ ಮೇಲೆ ಪಿಎಚ್‌ಡಿ ಮಾಡಿದವರೊಬ್ಬರ ಪ್ರಬಂಧದಲ್ಲಿ ಮಾವನ ಬಗ್ಗೆ ಒಂದೂವರೆ ಪುಟ ಇರುವುದು ಆಮೇಲೆ ಸಿಕ್ಕಿತು. ಎರಡೂ ಸೇರಿಸಿದರೂ ಒಂದು ಸ್ವತಂತ್ರ ಲೇಖನಕ್ಕೆ ತೂಕ ಕಡಿಮೆ ಅಂತ ಇಬ್ಬರು, ಸಾಕು ಅಂತ ಒಬ್ಬರು. ನಾನು ಮತ ಹಾಕುವ ಹಾಗಿಲ್ಲ, ಸಂಬಂಧಿ. ಅಲ್ಲದೆ ಅಲ್ಲಿ ಕೈ ಎಣಿಸುವುದಿಲ್ಲವಂತೆ, ವಾದದ ತೂಕ ನೋಡುತ್ತಾರಂತೆ. ಕೊನೆಗೆ ಆದ ತೀರ್ಮಾನ: ಸದ್ಯಕ್ಕೆ ಬೇರೆ ಪುಟ ಬೇಡ, ‘ದೊಡ್ಡಾಟ’ದ ಲೇಖನದಲ್ಲೇ ಎರಡು ಸಾಲು ಸೇರಿಸಬಹುದು. ನಾನು ಹಾಕುವಂತಿಲ್ಲವಾದ್ದರಿಂದ ಆಧಾರಗಳನ್ನು ಆ ಲೇಖನದ ಚರ್ಚೆ ಪುಟದಲ್ಲಿಟ್ಟೆ. ಸುದ್ದಿಯ ಹದಿನಾಲ್ಕು ಸಾಲಿನಲ್ಲಿ ಏನೇನಿದೆ ಅಂತಲೂ ಬಿಡದೆ ತಿಳಿಸಿದೆ, ಪ್ರಾಮಾಣಿಕ ಮನುಷ್ಯನಂತೆ.

ಇದು ನನಗೆ ಪೂರ್ತಿ ಒಪ್ಪಿಗೆ ಅಂತ ತಿಳಿಯಬೇಡಿ. ವರದಿಗಾರ ಬಸ್ಸಿಳಿಯದ ಊರಿನಲ್ಲಿ ಗಮನಾರ್ಹರು ಹುಟ್ಟುವುದೇ ಇಲ್ಲವೇ? ಮಾವ ಆಟ ಕಲಿಸಿದ ಊರುಗಳಿಗೆ ಪತ್ರಿಕೆ ಬರುತ್ತಿದ್ದದ್ದೇ ಮಧ್ಯಾಹ್ನದ ಬಸ್ಸಿಗೆ, ಅದೂ ಒಂದು ಪ್ರತಿ, ಅದೂ ಹೋಟೆಲಿಗೆ. ಇದನ್ನು ಅರಳಿ ಕಟ್ಟೆಯಲ್ಲಿ ಕೇಳಿದ್ದೇನೆ. ನನ್ನಂಥವರು ಇನ್ನೂ ಕೆಲವರು ಕೇಳಿದ್ದಾರೆ. ಕಾಗದ ಬೇಡ ಅನ್ನಲು ನನ್ನ ಬಾಯಿ ಏಳುವುದಿಲ್ಲ. ಊರ ಮಾತು ನಂಬಿ ಹೊಲ ಬರೆದುಕೊಟ್ಟಿದ್ದರೆ ಆ ಮುದುಕಿಯ ದಾಯಾದಿಯೂ ನಾಲ್ಕು ಜನರನ್ನು ಕರೆತರುತ್ತಿದ್ದ. ಆದರೂ.

ಒಂದು ಮಾತ್ರ ಹೊಟ್ಟೆಕಿಚ್ಚಿನಿಂದ ಹೊಗಳಬೇಕು. ಅಲ್ಲಿ ಪ್ರತಿ ಪುಟಕ್ಕೂ ‘ಇತಿಹಾಸ’ ಅಂತ ಒಂದು ಪುಟ. ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಅಕ್ಷರ ತಿದ್ದಿದರು, ಎಲ್ಲಾ ಇರುತ್ತದೆ. ಅಳಿಸಿದ ಲೇಖನವೂ ನಿರ್ವಾಹಕರಿಗೆ ಕಾಣುತ್ತದೆ. ಕೇಳಿದ್ದಕ್ಕೆ ನನ್ನ ಬರಹವನ್ನು, ಆ ಎರಡು ಪ್ಯಾರಾ ಬಿಟ್ಟು, ವಾಪಸು ಕೊಟ್ಟರು. ನಮ್ಮ ಕೈಬರಹದ ಪಹಣಿಯ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟು ಜನ ಜೈಲಿಗೆ ಹೋಗುತ್ತಿದ್ದರು, ಎಷ್ಟು ಜನ ಹೊಲ ಉಳಿಸಿಕೊಳ್ಳುತ್ತಿದ್ದರು.

ಹೋದ ವಾರ ಯಾರೋ ಆ ಎರಡು ಸಾಲು ಸೇರಿಸಿದರು. ಮೊದಲ ಸಾಲಿನಲ್ಲಿ ಮಾವನ ಹೆಸರು, ಊರು, ದೊಡ್ಡಾಟದ ಮಾಸ್ತರರು ಅಂತ. ಎರಡನೇ ಸಾಲು: ‘ಕರ್ಣನ ಪಾತ್ರಕ್ಕೆ ಪ್ರಸಿದ್ಧರಾಗಿದ್ದರು.’ ಸುದ್ದಿಯಲ್ಲಿ ಹಾಗೇ ಇದೆ. ಹದಿನಾಲ್ಕು ಸಾಲಿನ ಒಂಬತ್ತನೆಯದು. ವರದಿ ಬರೆದವರು ಅವತ್ತು ಯಾರನ್ನು ಕೇಳಿದ್ದರೋ. ನಾನು ಆ ಸಾಲು ತೆಗೆದೆ. ಒಂದು ತಾಸಿನಲ್ಲಿ ವಾಪಸು ಬಂತು. ಮತ್ತೆ ತೆಗೆದೆ, ಮತ್ತೆ ಬಂತು, ಈ ಸಲ ನನ್ನ ಚರ್ಚೆ ಪುಟದಲ್ಲಿ ಒಂದು ಸೌಮ್ಯವಾದ ಎಚ್ಚರಿಕೆ ಸಮೇತ: ಉಲ್ಲೇಖ ಇರುವ ಮಾಹಿತಿಯನ್ನು ದಯವಿಟ್ಟು ಕಾರಣವಿಲ್ಲದೆ ಅಳಿಸಬೇಡಿ.

ಭಾನುವಾರ ಊರಿಗೆ ಹೋಗಿ ಅತ್ತಿಯ ಮುಂದೆ ಮೊಬೈಲ್ ಹಿಡಿದು ಓದಿ ತೋರಿಸಿದೆ. ಹೆಸರು ಬಂದಾಗ ಸೆರಗು ಸರಿಮಾಡಿಕೊಂಡಳು. ಎರಡನೇ ಸಾಲಿಗೆ ಹುಬ್ಬು ಗಂಟಾಯಿತು. ಇನ್ನೊಮ್ಮೆ ಓದಿಸಿದಳು.

‘ಕರ್ಣ ಅಂದ್ರ ಗೌಡ್ರ ಮನಿ ಸಣ್ಣಾವ ಅಲ್ಲೇನೋ? ನಿಮ್ಮ ಮಾವ ಜಲ್ಮದಾಗ ಒಂದಿನಾನೂ ತಲಿಗಿ ಕಿರೀಟ ಇಟ್ಟಾವರಲ್ಲ. ಸಾರಥಿ ಅಂತ ಬರಿ. ಅದನ್ನ ತಿದ್ದಸು.’

‘ತಿದ್ದಸಾಕ ಕಾಗದ ಬೇಕಾಕ್ಕತಿ ಅತ್ತಿ.’

‘ಕಾಗದ ಯಾಕೋ? ನಾ ಇದ್ದೀನಲ್ಲ, ಊರಿಗೆಲ್ಲ ಗೊತ್ತೈತಿ, ಕೇಳು ಅನ್ನು.’

ನಾನು ಮೊಬೈಲ್ ಜೇಬಿಗಿಟ್ಟುಕೊಂಡು, ಆ ಟ್ರಂಕು ಇನ್ನೊಮ್ಮೆ ಇಳಿಸೋಣ ಬಾ ಅಂತ ಅವಳ ಮೊಮ್ಮಗನನ್ನು ಕೂಗಿದೆ.